ಸೀಟು ಕೀಳುವ ಮುನ್ನ ಆರ್.ಸಿ. ಪುಸ್ತಕ ನೋಡಿ!

ಹಳೇ ಡೀಸೆಲ್ ಬಸ್ಸೊಂದನ್ನು ಅಗ್ಗಕ್ಕೆ ಹಿಡಿದು, ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿ, ಸಂಸಾರ ಸಮೇತ ಊರು ಸುತ್ತುವ ಆಸೆಯೇ? ಚಾಮರಾಜಪೇಟೆಯವರಿಗೆ ಕಲಾಸಿಪಾಳ್ಯ, ಜೆ.ಸಿ. ರಸ್ತೆ ಕಾಲ್ನಡಿಗೆ ದೂರ. ಬಿಡಿಭಾಗಕ್ಕೆ ಬರವಿಲ್ಲ ಬಿಡಿ.

ಆಗದ ಕೆಲಸವೇನಲ್ಲ. 2020ರಲ್ಲಿ ಕೆ.ಎಸ್.ಆರ್.ಟಿ.ಸಿ.ಯ ಗುಜರಿ ಬಸ್ಸೊಂದು ಮೆಜೆಸ್ಟಿಕ್‌ನಲ್ಲಿ ಹೆಂಗಸರ ಶೌಚಾಲಯವಾಯಿತು. ಖರ್ಚು ಸುಮಾರು 12 ಲಕ್ಷ. ಆದರೆ ಅದು ನಿಂತಲ್ಲೇ ನಿಲ್ಲುವ ಬಸ್ಸು ಸ್ವಾಮಿ, ನಿಮ್ಮದು ರಸ್ತೆಗಿಳಿಯಬೇಕು!

ತಾಪತ್ರಯ ಶುರುವಾಗೋದೇ ಅಲ್ಲಿ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ಗಾಡಿಗೂ ಆರ್.ಸಿ.ಗೂ ತಾಳೆಯಿರಬೇಕು. ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡು ಕೂಡದೆಂದು 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಸ್ವಂತಕ್ಕೆ ಬಳಸುವ ‘ಕ್ಯಾಂಪರ್ ವ್ಯಾನ್’ ಎಂಬ ವರ್ಗವೇನೋ ಕಾನೂನಿನಲ್ಲಿದೆ. ಆದರೆ ಮೊದಲು ಆರ್.ಟಿ.ಓ. ಒಪ್ಪಿಗೆ, ಆಮೇಲೆ ವೆಲ್ಡಿಂಗು. ‘ಆಮೇಲೆ ನೋಡ್ಕೊಳ್ಳೋಣ’ ಅನ್ನುವ ಗ್ಯಾರೇಜಿನವರ ಮಾತು ಕೇಳಿದರೆ ಕೈ ಸುಡುತ್ತೆ.

ಸರ್ಕಾರಿ ಬಸ್ಸಿನ ಹರಾಜಿಗೆ ಕಣ್ಣಿಟ್ಟವರು ಇದನ್ನೂ ಕೇಳಿ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಗಳ, ಸಾರಿಗೆ ನಿಗಮದ ಬಸ್ಸುಗಳ ನೋಂದಣಿ ರದ್ದು. ಅವು ಗುಜರಿಗೇ ಹೋಗಬೇಕು. ಕೊಂಡರೂ ಸಿಗೋದು ಕಬ್ಬಿಣ, ಗಾಡಿಯಲ್ಲ. ಖಾಸಗಿ ಬಸ್ಸಾದರೆ ಎಫ್.ಸಿ., ತೆರಿಗೆ ಬಾಕಿ, ಸಾಲದ ನಮೂದು, ಮೂರನ್ನೂ ನೋಡದೆ ಅಡ್ವಾನ್ಸ್ ಕೊಡಬೇಡಿ.

ಇನ್ನು ರಾತ್ರಿ ನಿಲ್ಲಿಸೋದೆಲ್ಲಿ? ಮಲ್ಲೇಶ್ವರದ ಕ್ರಾಸುಗಳಲ್ಲಿ ಕಾರಿಗೇ ಜಾಗವಿಲ್ಲ. ಮೂವತ್ತೈದಡಿ ಬಸ್ಸು ಎದುರುಮನೆ ಗೇಟಿಗೆ ಅಡ್ಡ ನಿಂತರೆ ಬೆಳಗಿನ ಕಾಫಿಗೂ ಮುಂಚೆ ಜಗಳ ಗ್ಯಾರಂಟಿ.