ಗೇಲಿಕ್ ಕೀರ್ತನೆಯ ಜಾಡು ಹಿಡಿದು

ಜಾಝ್ ದಿಗ್ಗಜ ಡಿಜ್ಜಿ ಗಿಲೆಸ್ಪಿ ತಮ್ಮ ಗೆಳೆಯ ವಿಲ್ಲಿ ರಫ್‌ಗೆ ಮನೆಯ ಹಿರಿಯರಿಂದ ಕೇಳಿದ ಸಂಗತಿಯೊಂದನ್ನು ಹೇಳಿದ್ದರು. ಅಮೆರಿಕದ ದಕ್ಷಿಣದಲ್ಲಿ, ಸ್ಕಾಟ್ಲೆಂಡಿನಿಂದ ಬಂದ ಒಡೆಯರ ಕೈಕೆಳಗೆ, ಗೇಲಿಕ್ ಬಿಟ್ಟು ಬೇರೆ ಭಾಷೆ ಬಾರದ ಕಪ್ಪು ಗುಲಾಮರಿದ್ದರಂತೆ. ಅಡುಗೂಲಜ್ಜಿ ಕತೆ ಎಂದು ತಳ್ಳಿಹಾಕಬಹುದಿತ್ತು. ಆದರೆ ಗಿಲೆಸ್ಪಿ ಎಂಬ ಮನೆತನದ ಹೆಸರೇ ಸ್ಕಾಟ್ಲೆಂಡಿನದು.

1931ರಲ್ಲಿ ಅಲಬಾಮಾದಲ್ಲಿ ಹುಟ್ಟಿದ ರಫ್ ಫ್ರೆಂಚ್ ಹಾರ್ನ್ ವಾದಕರೂ ಯೇಲ್ ವಿಶ್ವವಿದ್ಯಾಲಯದ ಸಂಗೀತ ಪ್ರಾಧ್ಯಾಪಕರೂ ಆಗಿದ್ದರು. ಕಪ್ಪು ಚರ್ಚುಗಳ ಗಾಸ್ಪೆಲ್ ಹಾಡುಗಳಿಗಿಂತ ಹಳೆಯದಾದ ‘ಲೈನಿಂಗ್ ಔಟ್’ ಹಾಡಿಕೆ ಅವರಿಗೆ ಎಳವೆಯಿಂದಲೇ ಪರಿಚಿತವಾಗಿತ್ತು. ಹಿರಿಯನೊಬ್ಬ ಒಂದು ಸಾಲನ್ನು ಚುರುಕಾಗಿ ಹೇಳುತ್ತಾನೆ. ಸಭೆ ಅದನ್ನೆತ್ತಿಕೊಂಡು ಎಳೆಎಳೆದು ಹಾಡುತ್ತದೆ. ಪುಸ್ತಕವಿಲ್ಲದವರಿಗೆ, ಓದು ಕಲಿಯುವುದನ್ನೇ ಕಾನೂನು ತಡೆದಿದ್ದ ಗುಲಾಮರಿಗೆ ಒಗ್ಗಿದ ದಾರಿಯಿದು. ಮುಂದೆ ಅಲಬಾಮಾದ ಕಪ್ಪು ಪ್ರೆಸ್ಬಿಟೇರಿಯನ್ನರೂ ಹೀಗೆಯೇ ಹಾಡುವುದು ರಫ್ ಕಣ್ಣಿಗೆ ಬಿತ್ತು. ಪ್ರೆಸ್ಬಿಟೇರಿಯನ್ ಪಂಥವೆಂದರೆ ಸ್ಕಾಟರ ಪಂಥ. ಹಾಗಾದರೆ ಬಿಳಿಯ ಪ್ರೆಸ್ಬಿಟೇರಿಯನ್ನರಲ್ಲೂ ಇದು ಎಲ್ಲಾದರೂ ಉಳಿದಿರಬಹುದೇ?

ಹುಡುಕಾಟ ಅವರನ್ನು ಸ್ಕಾಟ್ಲೆಂಡಿನ ವಾಯವ್ಯ ಅಂಚಿನ ಲೂಯಿಸ್ ದ್ವೀಪಕ್ಕೆ ಕರೆದೊಯ್ದಿತು. ಅಲ್ಲಿನ ಫ್ರೀ ಚರ್ಚ್‌ನ ಗೇಲಿಕ್ ಆರಾಧನೆಯಲ್ಲಿ ವಾದ್ಯಗಳಿಲ್ಲ. ಜನ ಕೀರ್ತನೆಗಳನ್ನು ಕುಳಿತೇ ಹಾಡುತ್ತಾರೆ. ‘ಪ್ರಿಸೆಂಟರ್’ ಎಂಬ ಮುಂದಾಳು ಸಾಲು ಎಸೆಯುತ್ತಾನೆ, ಸಭೆ ಹಿಡಿಯುತ್ತದೆ. ರಾಗ ಒಂದೇ, ಗಮಕ ಮಾತ್ರ ಒಬ್ಬೊಬ್ಬರದು ಒಂದೊಂದು ಬಗೆ. ಒಬ್ಬರು ಸ್ವರ ಮುಟ್ಟಿ ನಿಂತಿರುವಾಗ ಪಕ್ಕದವರು ಇನ್ನೂ ಅದರತ್ತ ಜಾರುತ್ತಿರುತ್ತಾರೆ. ಭಾಷೆ ಅರ್ಥವಾಗದಿದ್ದರೂ ಹಾಡುವ ರೀತಿ ಅಲಬಾಮಾದ್ದೇ.

2003ರಲ್ಲಿ ಈ ಹೋಲಿಕೆಯ ಸುದ್ದಿ ಹೊರಬಿದ್ದಾಗ, ಗಾಸ್ಪೆಲ್ ಹುಟ್ಟಿದ್ದೇ ಸ್ಕಾಟ್ಲೆಂಡಿನಲ್ಲಿ ಎಂಬ ಧಾಟಿಯ ತಲೆಬರಹಗಳು ಬಂದವು. ಆಕ್ಷೇಪಗಳೂ ಬೆನ್ನಿಗೇ ಬಂದವು. ಒಬ್ಬ ಕರೆದು ಗುಂಪು ಓಗೊಡುವ ಹಾಡಿಕೆ ಪಶ್ಚಿಮ ಆಫ್ರಿಕದಲ್ಲಿ ಗಟ್ಟಿಯಾಗಿತ್ತು. ಸಾಲು ಹೇಳಿಕೊಟ್ಟು ಹಾಡಿಸುವ ಪದ್ಧತಿಯೂ ಗೇಲಿಕರ ಸ್ವಂತ ಸೊತ್ತಲ್ಲ: ಓದುಬರಹ ಬಾರದವರಿರುವಲ್ಲಿ ಹೀಗೆ ಮಾಡಿ ಎಂದು 1640ರ ದಶಕದಲ್ಲೇ ವೆಸ್ಟ್‌ಮಿನ್‌ಸ್ಟರ್ ಧರ್ಮಸಭೆ ಬರೆದಿಟ್ಟಿತ್ತು. ಇಂಗ್ಲೆಂಡಿನಲ್ಲೂ ನ್ಯೂ ಇಂಗ್ಲೆಂಡಿನಲ್ಲೂ ಅದು ನಡೆದಿತ್ತು.

ವಾದ ಬೆಳೆಸುವುದಕ್ಕಿಂತ ಹಾಡಿಸಿ ಕೇಳಿಸುವುದೇ ವಾಸಿ ಎಂಬಂತೆ ರಫ್ 2005ರಲ್ಲಿ ಯೇಲ್‌ನಲ್ಲಿ ಮೂರು ಬಳಗಗಳನ್ನು ಕೂಡಿಸಿದರು: ಲೂಯಿಸ್‌ನ ಗೇಲಿಕ್ ಕೀರ್ತನಕಾರರು, ಅಲಬಾಮಾದ ಕಪ್ಪು ಪ್ರಿಮಿಟಿವ್ ಬ್ಯಾಪ್ಟಿಸ್ಟರು, ಕೆಂಟಕಿ ಬೆಟ್ಟಸೀಮೆಯ ಬಿಳಿಯ ಓಲ್ಡ್ ರೆಗ್ಯುಲರ್ ಬ್ಯಾಪ್ಟಿಸ್ಟರು. 2007ರ ಕೂಟಕ್ಕೆ ಒಕ್ಲಹೋಮಾದಿಂದ ಮಸ್ಕೋಗಿ ಕ್ರೀಕ್ ಮೂಲನಿವಾಸಿಗಳೂ ಬಂದು, ತಮ್ಮ ನುಡಿಯಲ್ಲೇ ಸಾಲೆತ್ತಿ ಹಾಡಿದರು.

ಯಾರಿಂದ ಯಾರಿಗೆ ಹೋಯಿತು ಎಂಬುದನ್ನು ಈ ಕೂಟಗಳು ತೀರ್ಮಾನಿಸಲಿಲ್ಲ; ತೀರ್ಮಾನಿಸುವುದು ಸಾಧ್ಯವೂ ಇರಲಿಲ್ಲ. ಆದರೆ ಪಟ್ಟಣದ ಚರ್ಚುಗಳು ಸ್ವರಪುಸ್ತಕ, ಆರ್ಗನ್ ಬಂದೊಡನೆ ಕೈಬಿಟ್ಟ ಹಾಡಿಕೆಯನ್ನು ಒಂದು ದ್ವೀಪ, ಒಂದು ಬೆಟ್ಟಸೀಮೆ, ಒಂದು ಹತ್ತಿಸೀಮೆ, ನೆಲದಿಂದ ಎಬ್ಬಿಸಲ್ಪಟ್ಟ ಒಂದು ಬುಡಕಟ್ಟು ಉಳಿಸಿಕೊಂಡಿದ್ದವು. ಒಬ್ಬರ ಸುದ್ದಿ ಒಬ್ಬರಿಗಿಲ್ಲದ ಈ ಬಳಗಗಳನ್ನು ಎದುರುಬದುರು ಕೂರಿಸಿದ್ದೇ ರಫ್ ಅವರ ಆವಿಷ್ಕಾರ.