ಸ್ಟೀರಿಯೊ ಆಫ್ ಆಯಿತೆಂದು ಹೊಸ ಸೆಟ್ ಕೊಳ್ಳುವ ಮುನ್ನ

ಕಾರಿನ ಸ್ಟೀರಿಯೊ ಇದ್ದಕ್ಕಿದ್ದಂತೆ ಆಫ್ ಆಗುತ್ತದೆ ಎಂದು ನನ್ನ ಅಂಗಡಿಗೆ ಬರುವವರಲ್ಲಿ ಬಹಳ ಮಂದಿ ಹೊಸ ಸೆಟ್ ಕೊಳ್ಳುವ ಮನಸ್ಸು ಮಾಡಿಕೊಂಡೇ ಬಂದಿರುತ್ತಾರೆ. ನಾನು ಮೊದಲು ಕೇಳುವುದು, ಅದು ಯಾವಾಗ ಆಫ್ ಆಗುತ್ತದೆ ಎಂದು. ಸೌಂಡ್ ಏರಿಸಿದಾಗಲೋ, ಹಂಪ್ ಹತ್ತಿ ಇಳಿದಾಗಲೋ, ಬಾಗಿಲು ಹಾಕಿದಾಗಲೋ, ಬಿಸಿಲಲ್ಲಿ ಗಾಡಿ ನಿಲ್ಲಿಸಿ ಬಂದ ಮೇಲೋ? ಈ ಉತ್ತರ ಸರಿಯಾಗಿ ಸಿಕ್ಕರೆ ಅರ್ಧ ರಿಪೇರಿ ಮುಗಿದಂತೆ. ತಪ್ಪು ಹೆಚ್ಚಾಗಿ ವೈರಿಂಗ್‌ನಲ್ಲಿರುತ್ತದೆ, ಸೆಟ್ಟಿನಲ್ಲಲ್ಲ.

ಹೊರಗಿನಿಂದ ಕೊಂಡು ಹಾಕಿಸುವ ಸೆಟ್ಟಿನ ಹಿಂದೆ ಕರೆಂಟಿಗೆಂದು ಮೂರು ವೈರುಗಳಿರುತ್ತವೆ. ಹಳದಿ ವೈರು ಬ್ಯಾಟರಿಯಿಂದ ಸದಾ 12 ವೋಲ್ಟ್ ತರುತ್ತದೆ. ಗಡಿಯಾರ ಓಡುವುದೂ ಸ್ಪೀಕರಿಗೆ ಬಲ ಬರುವುದೂ ಇದರಿಂದಲೇ. ಕೆಂಪು ವೈರಿಗೆ ಕರೆಂಟ್ ಬರುವುದು ಕೀ ತಿರುಗಿಸಿದಾಗ ಮಾತ್ರ. ಕಪ್ಪು ಅರ್ತಿಂಗ್. ಸೆಟ್ ಆಫ್ ಆಗಿ ಮತ್ತೆ ಬಂದಾಗ ಗಡಿಯಾರ ಮೊದಲಿಗೆ ಹೋಗಿ ನಿಂತಿದ್ದರೆ ಹಳದಿಯನ್ನೋ ಕಪ್ಪನ್ನೋ ಅನುಮಾನಿಸಬೇಕು. ಗಡಿಯಾರ ಸರಿಯಿದ್ದರೆ ಕೆಂಪು ವೈರು, ಶಾಖ, ಸ್ಪೀಕರ್ ಲೈನು ಇವುಗಳತ್ತ ನೋಡಬೇಕು. ಕಾರಿನ ಕಂಪನಿ ವೈರುಗಳ ಬಣ್ಣ ಬೇರೆಯೇ ಇರುತ್ತದೆ. ಹಾಗಾಗಿ ಬಣ್ಣ ನಂಬಿ ಜೋಡಿಸಬಾರದು, ಮೀಟರ್ ಇಟ್ಟೇ ನೋಡಬೇಕು.

ಈಚೆಗೆ ಒಬ್ಬ ಟ್ಯಾಕ್ಸಿ ಚಾಲಕರು ಬಂದಿದ್ದರು. "ಸಣ್ಣಕ್ಕೆ ಇಟ್ಟರೆ ದಿನವಿಡೀ ಹಾಡ್ತದೆ ಅಣ್ಣ, ಸೌಂಡ್ ಏರಿಸಿದ್ರೆ ಟಪ್ ಅಂತ ಆಫ್" ಅಂದರು. ಹಾಡು ಜೋರಾಗಿ ಇಟ್ಟು, ಸೆಟ್ಟಿನ ಹಿಂದಿನ ಕಪ್ಪು ವೈರಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಮೀಟರ್ ಹಿಡಿದೆ. ಅಲ್ಲಿ 0.2 ವೋಲ್ಟ್ ದಾಟಬಾರದು. ಒಂದು ವೋಲ್ಟಿಗೂ ಮೇಲೆ ತೋರಿಸಿತು. ಡ್ಯಾಶ್‌ಬೋರ್ಡ್ ಬಿಚ್ಚಿದರೆ, ಕಪ್ಪು ವೈರನ್ನು ಪೇಂಟ್ ಹಚ್ಚಿದ ಪಟ್ಟಿಯೊಂದರ ಸ್ಕ್ರೂಗೆ ಸುತ್ತಿ ಬಿಟ್ಟಿದ್ದರು. ಪೇಂಟ್ ಕರೆಂಟನ್ನು ತಡೆಯುತ್ತದೆ. ಸಣ್ಣ ಸೌಂಡಿಗೆ ಒಂದೆರಡು ಆಂಪಿಯರ್ ಸಾಕು, ಹೇಗೋ ನಡೆಯುತ್ತದೆ. ಡ್ರಮ್ಮಿನ ಏಟು ಬಿದ್ದಾಗ ಸೆಟ್ 10 ಆಂಪಿಯರ್ ಎಳೆದರೆ, ಬರೀ 0.2 ಓಮ್ ತಡೆಯಿದ್ದರೂ 2 ವೋಲ್ಟ್ ದಾರಿಯಲ್ಲೇ ಹೋಯಿತು. ಕೆಲವು ಸೆಟ್ಟುಗಳ ಕೈಪಿಡಿಯಲ್ಲಿ ಕನಿಷ್ಠ 10.8 ವೋಲ್ಟ್ ಬೇಕೆಂದು ಬರೆದಿರುತ್ತದೆ. ಅದಕ್ಕಿಂತ ಕೆಳಗಿಳಿದರೆ ಸೆಟ್ ಆಫ್ ಆಗುವುದು ಸಹಜ. ಪೇಂಟ್ ಕೆರೆದು, ವೈರಿನ ತುದಿಗೆ ರಿಂಗ್ ಲಗ್ ಒತ್ತಿ, ಬೋಲ್ಟಿನಲ್ಲಿ ಬಿಗಿದೆ. ಅಷ್ಟಕ್ಕೇ ಅವರ ತೊಂದರೆ ಹೋಯಿತು. ಬರೀ ಇನ್ಸುಲೇಷನ್ ಟೇಪ್ ಸುತ್ತಿದ ಜಾಯಿಂಟೂ ಹೀಗೆಯೇ ಕೈಕೊಡುತ್ತದೆ. ಬಿಸಿಲಿಗೆ ಟೇಪಿನ ಅಂಟು ಕರಗಿ ಜಾಯಿಂಟ್ ಸಡಿಲವಾಗುತ್ತದೆ, ಹಂಪ್ ಸಿಕ್ಕಾಗ ಬಿಡುತ್ತದೆ.

ಬಾಗಿಲು ಹಾಕುವಾಗ ಆಫ್ ಆದರೆ ಬಾಗಿಲ ಕೀಲಿನ ಬಳಿಯ ರಬ್ಬರ್ ಕೊಳವೆಯನ್ನು ನೋಡಿ. ಅದರೊಳಗಿನ ಸ್ಪೀಕರ್ ವೈರು ದಿನವೂ ಮಡಿಚಿ ಮಡಿಚಿ ಸಿಪ್ಪೆ ಬಿಡುತ್ತದೆ. ಈಗಿನ ಸೆಟ್ಟುಗಳಲ್ಲಿ ಸ್ಪೀಕರಿನ ನೆಗೆಟಿವ್ ವೈರು ಅರ್ತಿಂಗ್ ಅಲ್ಲ, ಬಾಡಿಗೆ ತಾಗಿದೊಡನೆ ಸೆಟ್ ತನ್ನನ್ನು ತಾನೇ ಕಾಪಾಡಿಕೊಳ್ಳಲು ಆಫ್ ಆಗುತ್ತದೆ. ಸ್ಪೀಕರುಗಳನ್ನು ಒಂದೊಂದಾಗಿ ಕಳಚಿ ಹಾಡಿಸಿ ನೋಡಿದರೆ ಯಾವ ಬಾಗಿಲೆಂದು ತಿಳಿಯುತ್ತದೆ. ಒಂದೇ ಲೈನಿಗೆ ಎರಡು 4 ಓಮ್ ಸ್ಪೀಕರ್ ಜೋಡಿಸಿದರೆ ಅದು 2 ಓಮ್ ಆಗಿ, ಕರೆಂಟ್ ದುಪ್ಪಟ್ಟಾಗಿ, ಸೆಟ್ ಕಾದು ನಿಲ್ಲುತ್ತದೆ. ಸೀಟಿನಡಿಯ ಆಂಪ್ಲಿಫೈಯರ್ ಮೇಲೆ ಕಾರ್ಪೆಟ್ ಮುಚ್ಚಿದರೂ ಇದೇ ಕಥೆ.

ಎಂಜಿನ್ ಸ್ಟಾರ್ಟ್ ಮಾಡುವ ಕ್ಷಣ ಸೆಟ್ ಆಫ್ ಆಗಿ ಬಂದರೆ ಅದು ದೋಷವಲ್ಲ. ಎಂಜಿನ್ ನಿಲ್ಲಿಸಿ ಕೀ ಹಾಗೇ ಬಿಟ್ಟಾಗ, ಬ್ಯಾಟರಿ ಉಳಿಸಲೆಂದು ಕೆಲವು ಕಾರುಗಳು ತಾವೇ ಸೆಟ್ ಆಫ್ ಮಾಡುತ್ತವೆ.

ಕೊನೆಯದಾಗಿ ಒಂದು ವಿನಂತಿ. ಫ್ಯೂಸ್ ಪದೇಪದೇ ಹೋಗುತ್ತದೆಂದು 10 ಆಂಪಿಯರ್ ಇದ್ದಲ್ಲಿ 20 ಆಂಪಿಯರಿನದು ಹಾಕಬೇಡಿ, ತಂತಿ ಸುತ್ತಬೇಡಿ. ಆಗ ಫ್ಯೂಸ್ ಉಳಿದು ವೈರು ಸುಡುತ್ತದೆ, ಕಾರಿಗೇ ಬೆಂಕಿ ಬೀಳಬಹುದು. ನಿಮ್ಮ ಮೆಕ್ಯಾನಿಕ್ ಹಾಗೆ ಮಾಡಲು ಹೊರಟರೆ ತಡೆದು, ಶಾರ್ಟ್ ಎಲ್ಲಿದೆ ಎಂದು ಹುಡುಕಿಸಿ.