ಮಕ್ಕಳಿಗೂ ಸೋರಿಯಾಸಿಸ್ ಸಂಧಿವಾತ: ಮನೆಯ ಕಾಯಿಲೆ ಮುಚ್ಚಿಟ್ಟರೆ ಮಗುವಿಗೆ ನಷ್ಟ

ಪುಣೆ: ಸಂಧಿವಾತವೆಂದರೆ ಅಜ್ಜ-ಅಜ್ಜಿಯರ ಕಾಯಿಲೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಹೀಗಾಗಿ ಮೂರು ವರ್ಷದ ಮಗು ಬೆಳಿಗ್ಗೆ ಎದ್ದೊಡನೆ ಕುಂಟಿದರೆ ಆಟದಲ್ಲಿ ಬಿದ್ದಿರಬೇಕೆಂದೂ, ಹತ್ತು ವರ್ಷದ ಹುಡುಗಿ ಪೆನ್ಸಿಲ್ ಹಿಡಿಯಲು ಒಲ್ಲೆ ಎಂದರೆ ಅದು ಹೋಮ್‌ವರ್ಕ್ ತಪ್ಪಿಸುವ ನೆಪವೆಂದೂ ಹಿರಿಯರು ತೀರ್ಮಾನಿಸಿಬಿಡುತ್ತಾರೆ. ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು ಶಾಲೆಯ ಬಸ್ಸು ಹತ್ತಿಸುವ ಹೊತ್ತಿಗೆ ನೋವು ಕಡಿಮೆಯಾಗಿರುತ್ತದೆ. ಅನುಮಾನವೂ ಅಲ್ಲಿಗೇ ನಿಲ್ಲುತ್ತದೆ. ಬೆಳಗಿನ ಬಿಗಿತ ಹಗಲೇರಿದಂತೆ ಸಡಿಲಾಗುವುದೇ ಈ ಕಾಯಿಲೆಯ ಒಂದು ಮುಖ್ಯ ಲಕ್ಷಣ ಎಂದು ತಿಳಿಯುವಷ್ಟರಲ್ಲಿ ತಿಂಗಳುಗಳೇ ಉರುಳಿರುತ್ತವೆ.

ಹಡಪಸರ ಬಳಿಯ ಮಗರಪಟ್ಟಾ, ಸುಮಾರು 120 ರೈತ ಕುಟುಂಬಗಳು ಸುಮಾರು 400 ಎಕರೆ ಹೊಲವನ್ನು ಒಟ್ಟುಗೂಡಿಸಿ 2000ದ ಹೊತ್ತಿಗೆ ಕಟ್ಟಲಾರಂಭಿಸಿದ ಟೌನ್‌ಶಿಪ್. ಐಟಿ ಉದ್ಯೋಗಕ್ಕೆಂದು ಬಂದ ತುಳು-ಕನ್ನಡಿಗರ ಮನೆಗಳೂ ಇಲ್ಲಿವೆ. ಇಂತಹ ಕಡೆ ವೈದ್ಯರಿಗೆ ಕೊರತೆಯಿಲ್ಲ. ಆದರೆ "ಮನೆಯಲ್ಲಿ ಯಾರಿಗಾದರೂ ಸೋರಿಯಾಸಿಸ್ ಇದೆಯೇ?" ಎಂದು ವೈದ್ಯರು ಕೇಳಿದಾಗ ಬರುವ ಉತ್ತರ ಮಾತ್ರ ಎಲ್ಲ ಕಡೆಯೂ ಒಂದೇ: ಇಲ್ಲ. ಸೋರಿಯಾಸಿಸ್ ಅಂಟುರೋಗವಲ್ಲ. ಹಾಗಿದ್ದರೂ ಸಂಬಂಧ ಕುದುರಿಸುವ ಕಾಲದಲ್ಲಿ ಮುಚ್ಚಿಟ್ಟ ಮಾತು ಮದುವೆಯಾಗಿ ಮಕ್ಕಳಾದ ಮೇಲೂ ಹೊರಬರುವುದಿಲ್ಲ. ತಂದೆಯ ನೆತ್ತಿಯ ಮೇಲಿನ ದಪ್ಪ ಹೊಪ್ಪಳೆ 'ಬರೀ ಹೊಟ್ಟು', ತಾಯಿಯ ಮೊಣಕೈಯ ಕೆಂಪು ಕಲೆ 'ಚಳಿಗಾಲದ ಒರಟು' ಆಗಿಯೇ ಉಳಿಯುತ್ತದೆ. ಅತ್ತೆಯ ಎದುರಿಗೆ ಸೊಸೆ ಬಾಯಿಬಿಡುವುದಾದರೂ ಹೇಗೆ?

ಈ ಮೌನ ದುಬಾರಿಯಾದುದು. ಮಕ್ಕಳಲ್ಲಿ ಬಹಳ ಸಲ ಚರ್ಮದ ಕಲೆಗಿಂತ ವರ್ಷಗಳ ಮೊದಲೇ ಕೀಲು ಊದುತ್ತದೆ. ಅಂತಾರಾಷ್ಟ್ರೀಯ ಸಂಧಿವಾತ ತಜ್ಞರ ಒಕ್ಕೂಟ 2001ರಲ್ಲಿ ಪರಿಷ್ಕರಿಸಿ 2004ರಲ್ಲಿ ಪ್ರಕಟಿಸಿದ ನಿಯಮದಂತೆ, 16 ವರ್ಷ ತುಂಬುವ ಮೊದಲೇ ಕಾಣಿಸಿಕೊಂಡು ಕನಿಷ್ಠ 6 ವಾರ ಉಳಿದ ಕೀಲೂತದ ಜೊತೆಗೆ ಮಗುವಿಗೆ ಸೋರಿಯಾಸಿಸ್ ಇರಬೇಕು. ಇಲ್ಲವೇ ಮೂರು ಗುರುತುಗಳಲ್ಲಿ ಎರಡು ಇರಬೇಕು. ಒಂದು, ಬುಡದಿಂದ ತುದಿಯವರೆಗೆ ತೊಂಡೆಕಾಯಿಯಂತೆ ಊದಿದ ಬೆರಳು. ಇನ್ನೊಂದು, ಸೂಜಿಮೊನೆಯಿಂದ ಚುಚ್ಚಿದಂತಹ ಕುಳಿಗಳಿರುವ ಅಥವಾ ಬುಡ ಬಿಟ್ಟು ಮೇಲೇಳುವ ಉಗುರು. ಮೂರನೆಯದೇ ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಇರುವ ಸೋರಿಯಾಸಿಸ್. ಇದನ್ನು ಖಚಿತಪಡಿಸುವ ರಕ್ತಪರೀಕ್ಷೆ ಯಾವುದೂ ಇಲ್ಲದ್ದರಿಂದ, 'ರಿಪೋರ್ಟ್ ನಾರ್ಮಲ್' ಎಂದು ನಿಶ್ಚಿಂತರಾಗುವಂತಿಲ್ಲ.

ಹಡಪಸರದ ಮೂಲಕ ಹಾಯುವ ಸೋಲಾಪುರ ರಸ್ತೆಯಲ್ಲೇ ಮುಂದೆ ಸಿಗುವ ಭಿಗವಣದಲ್ಲಿ ಡಾ. ಅರವಿಂದ ಚೋಪ್ರಾ ಅವರ ತಂಡ 1996ರಲ್ಲಿ ಮನೆಮನೆ ಸಮೀಕ್ಷೆ ಆರಂಭಿಸಿ, ಕೀಲು-ಸ್ನಾಯುಗಳ ನೋವೇ ಹಳ್ಳಿಗರ ಅತಿ ದೊಡ್ಡ ದೂರು ಎಂದು ತೋರಿಸಿಕೊಟ್ಟಿತ್ತು. ಆದರೆ ಅದು ವಯಸ್ಕರ ಲೆಕ್ಕ. ಮಕ್ಕಳ ಕೀಲುರೋಗಗಳಲ್ಲಿ ಸೋರಿಯಾಸಿಸ್ ಸಂಧಿವಾತದ ಪಾಲು ಚಿಕ್ಕದು, ಹಾಗೆಂದೇ ಯಾರ ನೆನಪಿಗೂ ಬೇಗ ಬರುವುದಿಲ್ಲ.

ಬೆಳೆಯುವ ದೇಹದಲ್ಲಿ ಉರಿಯೂತ ಸುಮ್ಮನಿರುವುದಿಲ್ಲ. ಒಂದು ಮೊಣಕಾಲು ಊದಿಕೊಂಡೇ ಇದ್ದರೆ ಆ ಕಾಲು ಇನ್ನೊಂದಕ್ಕಿಂತ ಉದ್ದವಾಗಬಹುದು. ದವಡೆಯ ಕೀಲಿಗೆ ತಗಲಿದರೆ ಗಲ್ಲ ಚಿಕ್ಕದಾಗಿ ಉಳಿಯಬಹುದು. ಒಂದೆರಡು ಕೀಲುಗಳಷ್ಟೇ ಆಗಿದ್ದರೆ ನೋವು-ಊತ ಇಳಿಸುವ ಔಷಧ, ಕೀಲಿನೊಳಗೇ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಸಾಕಾಗಬಹುದು. ಅದಕ್ಕೆ ಬಗ್ಗದಿದ್ದರೆ, ಅಥವಾ ಹೆಚ್ಚು ಕೀಲುಗಳು ಸಿಕ್ಕಿಕೊಂಡಿದ್ದರೆ ಮೆಥೊಟ್ರೆಕ್ಸೇಟ್. ಕ್ಯಾನ್ಸರ್‌ಗೂ ಬಳಸುವ ಔಷಧವೆಂದು ಓದಿ ಪಾಲಕರು ಬೆಚ್ಚಿಬೀಳುವುದುಂಟು. ಕೀಲುರೋಗಕ್ಕೆ ಕೊಡುವ ಪ್ರಮಾಣ ಅದಕ್ಕಿಂತ ಬಹಳ ಕಡಿಮೆ. ಗಮನವಿಡಬೇಕಾದ್ದು ಬೇರೆಯೇ: ಇದು ವಾರಕ್ಕೊಮ್ಮೆ ಮಾತ್ರ ಕೊಡುವ ಔಷಧ. ತಪ್ಪಿ ದಿನವೂ ಕೊಟ್ಟರೆ ಪ್ರಾಣಕ್ಕೇ ಅಪಾಯ. ಗುಣ ಕಾಣಲು 6ರಿಂದ 12 ವಾರ ಬೇಕು. ನಡುನಡುವೆ ರಕ್ತ ಮತ್ತು ಯಕೃತ್ತಿನ ಪರೀಕ್ಷೆ ತಪ್ಪಿಸಬಾರದು. ಯಾವುದೇ ಲಸಿಕೆ ಹಾಕಿಸುವ ಮೊದಲು ಇದನ್ನು ಬರೆದ ವೈದ್ಯರನ್ನು ಕೇಳಲೇಬೇಕು.

ಇದಕ್ಕೂ ಜಗ್ಗದಿದ್ದರೆ ಅಡಾಲಿಮುಮ್ಯಾಬ್, ಎಟನರ್ಸೆಪ್ಟ್‌ನಂತಹ ಬಯಾಲಜಿಕ್ ಇಂಜೆಕ್ಷನ್‌ಗಳಿವೆ. ಅಮೆರಿಕದ ಔಷಧ ಇಲಾಖೆ ಈ ಕಾಯಿಲೆಯ ಮಕ್ಕಳಿಗೆಂದೇ 2021ರಲ್ಲಿ ಸೆಕುಕಿನುಮ್ಯಾಬ್‌ಗೆ, 2022ರಲ್ಲಿ ಉಸ್ಟೆಕಿನುಮ್ಯಾಬ್‌ಗೆ ಒಪ್ಪಿಗೆ ನೀಡಿತು. 2014ರಲ್ಲಿ ಜೈಡಸ್ ಕ್ಯಾಡಿಲಾ ಅಡಾಲಿಮುಮ್ಯಾಬ್‌ನ ದೇಶಿ ರೂಪವನ್ನು ಅಗ್ಗದ ದರದಲ್ಲಿ ಮಾರುಕಟ್ಟೆಗೆ ತಂದರೂ, ತಿಂಗಳ ಸಂಬಳದವರಿಗೆ ಇವು ಇಂದಿಗೂ ಹೊರೆಯೇ. ಕಂಪನಿಯ ವಿಮೆ ಎಷ್ಟು ಭರಿಸುತ್ತದೆಂದು ಮೊದಲೇ ಕೇಳಿಕೊಳ್ಳುವುದು ಜಾಣತನ. ಈ ಇಂಜೆಕ್ಷನ್‌ಗಳು ಅಡಗಿರುವ ಕ್ಷಯವನ್ನು ಕೆಣಕಬಹುದಾದ್ದರಿಂದ ಮೊದಲು ಕ್ಷಯದ ಪರೀಕ್ಷೆ ಆಗಲೇಬೇಕು.

ಕೀಲಿನಷ್ಟೇ ಮುಖ್ಯವಾದುದು ಕಣ್ಣು. ಕಣ್ಣಿನೊಳಗಿನ ಉರಿಯೂತ ಕೆಲವು ಮಕ್ಕಳಲ್ಲಿ ನೋವು, ಕೆಂಪು ಏನೂ ಇಲ್ಲದೆ ದೃಷ್ಟಿ ಕಸಿಯುತ್ತದೆ. ಚಿಕ್ಕ ವಯಸ್ಸಿನಲ್ಲೇ ಕಾಯಿಲೆ ಶುರುವಾಗಿ, ಎಎನ್‌ಎ ಎಂಬ ರಕ್ತಪರೀಕ್ಷೆ ಪಾಸಿಟಿವ್ ಇರುವ ಮಕ್ಕಳಿಗೆ ಮೊದಲ ವರ್ಷಗಳಲ್ಲಿ 3 ತಿಂಗಳಿಗೊಮ್ಮೆ ನೇತ್ರತಜ್ಞರಲ್ಲಿ ಸ್ಲಿಟ್ ಲ್ಯಾಂಪ್ ಪರೀಕ್ಷೆ ಬೇಕು. ಆಟಕ್ಕೆ ತಡೆಯಿಲ್ಲ, ಈಜು, ಸೈಕಲ್, ಅದಿತಿ ಗಾರ್ಡನ್‌ನಲ್ಲಿ ಸಂಜೆಯ ಓಡಾಟ ಕೀಲಿಗೆ ಒಳ್ಳೆಯದೇ.

ಬೇಸಿಗೆ ರಜೆಗೆ ಊರಿಗೆ ಹೊರಡುವ ಕುಟುಂಬಗಳು ಮಗುವಿನ ಫೈಲ್ ಜೊತೆಗೇ ಒಯ್ಯಬೇಕು. ಬಯಾಲಜಿಕ್ ಇಂಜೆಕ್ಷನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಆದರೆ ಹೆಪ್ಪುಗಟ್ಟಬಾರದು. ಐಸ್ ಪ್ಯಾಕ್‌ಗೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಿ ಡಬ್ಬಿಯಲ್ಲಿಟ್ಟರೆ ರಾತ್ರಿಯ ರೈಲಿನ ಪ್ರಯಾಣಕ್ಕೆ ತೊಂದರೆಯಿಲ್ಲ.